ಕಟ್ಟೆಯೊಳಗಿನ ಬೀಸುಕಲ್ಲು

ಮೊನ್ನೆ ಅಥಣಿ ರಸ್ತೆಯ ನಮ್ಮ ಮನೆಯಲ್ಲಿ ನಿಮ್ಮ ಅವ್ವ ಗುರೆಳ್ಳು ಹುರಿಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಕ್ಕಳೇ, ನಾನು ಸಾರವಾಡದ ತವರುಮನೆಯ ಬಾಗಿಲ ಹಿಂದೆ ನಿಂತಿದ್ದೆ. ನನಗಾಗ ಎಂಟು ವರ್ಷ. ಪಡಸಾಲೆಯ ಕಂಬಳಿಯ ಮೇಲೆ ಒಬ್ಬ ದೊಡ್ಡ ಮುಖಂಡರು ಉಣ್ಣುತ್ತಿದ್ದರು. ಊರೆಲ್ಲ ಅವರನ್ನು ಸಾಹೇಬರು ಎನ್ನುತ್ತಿತ್ತು. ಸಭೆಗೆಂದು ಬಂದಿದ್ದ ಅವರು, ನಮ್ಮ ಆಯಿ, ಅಂದರೆ ನನ್ನಪ್ಪನ ತಾಯಿ, ಬೀಸಿ ಬಡಿದ ಜೋಳದ ರೊಟ್ಟಿಯನ್ನು ಗುರೆಳ್ಳು ಹುರಿದು ಕುಟ್ಟಿದ ಖಾರದ ಹಿಂಡಿ ಹಚ್ಚಿಕೊಂಡು ಎರಡು ತಿಂದರು. ಮೂರನೆಯದನ್ನು ಆಯಿ ನನ್ನ ಕೈಯಲ್ಲಿ ಕೊಟ್ಟು ಕಳಿಸಿದರೆ ನಾನು ನಾಚಿ ಬಾಗಿಲ ಸಂದಿಗೆ ಸೇರಿದ್ದೆ. ಅವರು ನಕ್ಕು, "ಇರ್ಲಿ ಬಿಡವಾ, ಮುಂದಿನ ಸಲ ಬಂದಾಗ ನಿನ್ನ ಕೈಲೇ ಇಸ್ಕೊಂತೇನಿ" ಎಂದರು.

ಮುಂದಿನ ಸಲ ಬರಲೇ ಇಲ್ಲ. ಬೇರೆ ಊರಿನ ಸಭೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರೆಂದು ರೇಡಿಯೋ ಹೇಳಿತು. ಅಂದು ನಮ್ಮ ಓಣಿಯಲ್ಲಿ ಒಲೆ ಹೊತ್ತಲಿಲ್ಲ. ಬಸ್ಸು ನಿಲ್ಲುವ ಬೇವಿನ ಗಿಡದ ಕೆಳಗೆ ಅವರ ನೆನಪಿಗೊಂದು ಕಟ್ಟೆ ಕಟ್ಟುವುದೆಂದೂ, ಮನೆಗೊಂದು ಕಲ್ಲು ಕೊಡುವುದೆಂದೂ ಹಿರಿಯರು ಗೊತ್ತುಮಾಡಿದರು. ಆಯಿ ಬೀಸುಕಲ್ಲಿನ ಮೇಲಿನ ಹೋಳನ್ನೇ ಕೊಡಲು ತೆಗೆದಳು. ಆಯಿಯ ಗಂಡ, ನಮ್ಮ ಮುತ್ಯಾ, ಛೇಡಿಸಿದ: "ಏ ಹುಚ್ಚಿ, ಹೊಲದಾಗ ಕಲ್ಲಿಗೇನ ಬರಾ ಬಂದೈತಿ? ನಾಳಿಂದ ಜ್ವಾಳಾ ಹಲ್ಲಾಗ ಬೀಸ್ತಿಯೇನ?"

"ಗಿರಣಿ ಬಂದೈತಲ್ಲ. ಹಲ್ಲಿನ ಮಾತ ನೀವ್ ಆಡಬ್ಯಾಡ್ರಿ, ಇರೂವ ನಾಕು!" ಎಂದಳು ಆಯಿ. ಆಮೇಲೆ ಸೆರಗಿನಿಂದ ಕಲ್ಲು ಒರೆಸುತ್ತ ಮೆಲ್ಲಗೆ, "ಅವರು ಉಂಡದ್ದು ಇದರ ಹಿಟ್ಟು" ಎಂದಳು. ಮುತ್ಯಾ ಬಗ್ಗಿ ಕಲ್ಲಿನ ಇನ್ನೊಂದು ಬದಿ ಹಿಡಿದ.

ವರ್ಷಕ್ಕೊಮ್ಮೆ, ಅವರು ಸತ್ತ ದಿನ, ಆಯಿ ಆ ಕಟ್ಟೆಯ ಮೇಲೆ ರೊಟ್ಟಿ, ಹಿಂಡಿ ಎಡೆ ಇಡುತ್ತಿದ್ದಳು. "ನೀನ ಇಡಬೇ ತಂಗಿ, ನಿನ್ನ ಕೈಲೇ ಇಸ್ಕೊಂತೇನಿ ಅಂದಿದ್ರಲ್ಲ" ಎಂದು ಪ್ರತಿ ಸಲ ಹೇಳುವಳು. ಕಟ್ಟೆಯ ತುಂಬ ಗಂಡಸರು ಕುಳಿತಿರುತ್ತಿದ್ದರು. ನಾನು ಅವಳ ಬೆನ್ನ ಹಿಂದೆಯೇ ಉಳಿದೆ. ಹಾಗೇ ಲಗ್ನವಾಗಿ ತಿಕೋಟಾಕ್ಕೆ ಹೋದೆ. ಆಯಿ ಹೋದಳು, ಮುತ್ಯಾ ಹೋದ. ರಸ್ತೆ ಅಗಲ ಮಾಡುವಾಗ ಆ ತವರುಮನೆಯೂ ಹೋಯಿತು.

ಗುರೆಳ್ಳು ಹುರಿದ ಮರುದಿನ ನಾನೇ ರೊಟ್ಟಿ ಬಡಿದು, ನಿಮ್ಮಲ್ಲಿ ಹಿರಿಯವಳನ್ನು ಕರೆದುಕೊಂಡು ಸಾರವಾಡದ ಬಸ್ಸು ಹತ್ತಿದೆ. ನಮ್ಮ ಪಡಸಾಲೆ ಇದ್ದಲ್ಲಿ ಟ್ರ್ಯಾಕ್ಟರುಗಳು ಓಡಾಡುತ್ತಿದ್ದವು. ಕಟ್ಟೆ ಮಾತ್ರ ಇತ್ತು. ಒಂದು ಮೂಲೆಯಲ್ಲಿ ಗಿಲಾವು ಉದುರಿ, ನಮ್ಮ ಬೀಸುಕಲ್ಲಿನ ಅಂಚು ಕಾಣುತ್ತಿತ್ತು. ಬಸ್ಸಿಗೆ ಕಾಯುವ ಗಂಡಸರು ಈಗಲೂ ಕುಳಿತಿದ್ದರು. ನನ್ನ ಕಾಲು ನಿಂತವು.

"ಆಯಿ, ನಾ ಇಡ್ಲೇನ?" ಎಂದು ಮೊಮ್ಮಗಳು ನನ್ನತ್ತ ಕೈಚಾಚಿದಳು.

"ಬ್ಯಾಡವಾ," ಎಂದೆ.

ಒಬ್ಬರು ಸರಿದು ಜಾಗ ಬಿಟ್ಟರು. ಆ ಮೂಲೆಯಲ್ಲಿ ರೊಟ್ಟಿ ಇಟ್ಟೆ. ಅರಿವೆಯಲ್ಲಿ ಸುತ್ತಿ ತಂದದ್ದು ಇನ್ನೂ ಬೆಚ್ಚಗಿತ್ತು. "ತಗೋರಿ ಸಾಹೇಬ್ರ" ಎಂದದ್ದು ನನಗಷ್ಟೇ ಕೇಳಿಸಿತು. ನಮ್ಮ ಆಯಿ ನೋಡಿದಳೇನೋ ಎಂದು ಹಿಂದೆ ತಿರುಗಿದೆ. ಅಗಲವಾದ ರಸ್ತೆಯಷ್ಟೇ ಇತ್ತು.