ಮೇಕಪ್ ಬೇಡದ ಮುಖ

ಇಂಗ್ಲೆಂಡಿನ ಗ್ರಿಮ್ಸ್‌ಬಿಯ ಹಡಗುಕಟ್ಟೆಯಲ್ಲಿ ಮೀನು ಕೊಯ್ಯುತ್ತಿದ್ದ ಕಾಲದಲ್ಲಿ ಚಾಕು ಜಾರಿ ನಾರ್ಮನ್ ಹಾಬ್ಸನ್‌ನ ತುಟಿ ಸೀಳಿತ್ತು. ಹೊಲಿಗೆ ನೆಟ್ಟಗೆ ಕೂಡದೆ ತುಟಿ ಸೊಟ್ಟಗೇ ಉಳಿಯಿತು. ಆ ಕೆಲಸ ಹೋದ ಮೇಲೆ ಇಪ್ಪತ್ತೆರಡು ವರ್ಷ ಕಾಲೇಜೊಂದರ ಕೇರ್‌ಟೇಕರ್ ಆಗಿ ಬೀಗ, ಬಲ್ಬು, ಹುಡುಗರ ವಾಂತಿ ಎಲ್ಲವನ್ನೂ ನೋಡಿಕೊಂಡ.

ಸಿನಿಮಾ ಕಲಿಯುವ ಫ್ರೇಯಾ ಒಂದು ದಿನ ಬಂದು, "ನಾರ್ಮನ್, ನಮ್ಮ ಥ್ರಿಲ್ಲರ್‌ಗೆ ನಿಮ್ಮದೊಂದು ಫೋಟೊ ಬೇಕಿತ್ತು" ಅಂದಳು. ಪತ್ತೇದಾರನ ಪಾತ್ರವೇ ಇರಬೇಕೆಂದು ಅವನು ತಲೆ ಬಾಚಿ, ಟೈ ಕಟ್ಟಿ ನಿಂತ. ಹೆಂಡತಿ ಐರೀನ್ ಸುದ್ದಿ ಕೇಳಿ ಅವನ ಮದುವೆಯ ಕೋಟನ್ನು ಡ್ರೈಕ್ಲೀನಿಂಗಿಗೆ ಕೊಟ್ಟಳು.

ಸಿನಿಮಾ ಕಲಿಯುವ ಹುಡುಗರು ಶೂಟಿಂಗಿಗೆ ಮೊದಲು ಸಹಪಾಠಿಗಳ ಅಭಿಪ್ರಾಯ ಕೇಳಿ, ಬಂದ ಮತಗಳನ್ನು ಗೋಡೆಗೆ ಹಚ್ಚಬೇಕು, ಅದಕ್ಕೂ ಅಂಕವುಂಟು. ಹಚ್ಚುವ ಚಾಕರಿ ಮಾತ್ರ ಕೇರ್‌ಟೇಕರನದು. ಗುರುವಾರ ನಾರ್ಮನ್ ಏಣಿ ಹತ್ತಿ ಹಾಳೆ ಬಿಡಿಸಿದ. ಆರು ಮುಖಗಳು, ಮೇಲೊಂದು ಪ್ರಶ್ನೆ: 'ಯಾರನ್ನು ನೋಡಿದರೆ ಮಕ್ಕಳನ್ನು ಕೊಂದವನು ಅನ್ನಿಸುತ್ತದೆ?' ಮೂವತ್ತನಾಲ್ಕು ಮತಗಳಲ್ಲಿ ಮೂವತ್ತೊಂದು ನಾರ್ಮನ್‌ನ ಮುಖಕ್ಕೇ ಬಿದ್ದಿದ್ದವು.

"ಎಡಗಡೆ ಸ್ವಲ್ಪ ಮೇಲೆತ್ತಿ ನಾರ್ಮನ್," ಕೆಳಗಿನಿಂದ ಸಿನಿಮಾ ಪಾಠದ ಮೇಷ್ಟ್ರು ಹೇಳಿದರು. ಅವನು ಎತ್ತಿ ಮೊಳೆ ಹೊಡೆದ.

ಫ್ರೇಯಾ ಕುಣಿಯುತ್ತ ಬಂದಳು. "ನೀವೇ ಗೆದ್ರಿ! ನಾಳೆ ಶೂಟಿಂಗು. ಮೇಕಪ್ಪು ಗೀಕಪ್ಪು ಏನೂ ಬೇಡ, ಹೇಗಿದ್ದೀರೋ ಹಾಗೇ ಬನ್ನಿ."

"ಕೋಟು ಹಾಕ್ಕೊಂಡು ಬರ್ಲೇನಮ್ಮ?" ನಾರ್ಮನ್ ಏಣಿಯ ಮೇಲಿಂದಲೇ ಕೇಳಿದ.

"ಅಯ್ಯೋ, ಖಂಡಿತ ಬೇಡ! ಕೋಟು ಹಾಕಿದ್ರೆ ಮನುಷ್ಯರ ಥರ ಕಾಣ್ತೀರ."