ಹೊತ್ತು ಮುಳುಗದ ಊರಿನ ಊಟ

2016ರ ಮಾರ್ಚ್‌ನಲ್ಲಿ ಅಮ್ಮ ಹಾಸನದಿಂದ ನಮ್ಮಲ್ಲಿಗೆ ಬಂದಳು. ನಾವಿರುವುದು ಸಿಯಾಟಲ್ ಪಕ್ಕದ ಕೆನ್ಮೋರ್‌ನಲ್ಲಿ. ನಾನು, ನನ್ನ ಗಂಡ ಅಜಿತ್, ಹತ್ತು ವರ್ಷದ ಮಗಳು ಸನ್ಮತಿ, ಇಷ್ಟೇ ಜನ. ಅಪ್ಪ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿದ್ದ ಅಮ್ಮನನ್ನು ಆರು ತಿಂಗಳ ಮಟ್ಟಿಗೆ ಕರೆಸಿಕೊಂಡಿದ್ದೆ. ಅವಳು ಇರುವಾಗಲೇ ಎಲ್ಲರೂ ಸೇರಿ ದೊಡ್ಡದೊಂದು ಪ್ರವಾಸ ಹೋಗಬೇಕೆಂದು ಅಜಿತ್‌ಗೆ ಹುಚ್ಚು ಹಿಡಿಯಿತು. ಆಫೀಸಿನಲ್ಲಿ ಅವನ ಪಕ್ಕ ಕೂರುವವರ ಅಜ್ಜ ನಾರ್ವೆಯಿಂದ ಬಂದವರಂತೆ. ಅವರು ತೋರಿಸಿದ ಫೋಟೋ ನೋಡಿಕೊಂಡು ಮನೆಗೆ ಬಂದವನೇ, "ಜೂನ್‌ನಲ್ಲಿ ನಾರ್ವೆ. ಸಮುದ್ರದ ದಂಡೆ ಹಿಡ್ಕೊಂಡು ಕೆಳಗಿಂದ ಮೇಲಿನ ತನಕ ಡ್ರೈವ್ ಮಾಡೋದು" ಎಂದು ಘೋಷಿಸಿಬಿಟ್ಟ.

ಅಂದಿನಿಂದ ಪ್ರತಿ ಭಾನುವಾರ ತಿಂಡಿ ಆದ ಮೇಲೆ ಊಟದ ಮೇಜಿನ ತುಂಬ ನಾರ್ವೆಯೇ. ಎಲ್ಲಿ ಕಾರು ಹತ್ತುವುದು, ಎಲ್ಲಿ ಕಾರಿನ ಸಮೇತ ಹಡಗು ಹತ್ತುವುದು, ಎಲ್ಲ ಅವನಿಗೆ ಬಾಯಿಪಾಠ. ಕಷ್ಟ ಇದ್ದದ್ದು ಅಮ್ಮನ ಊಟದ್ದು. ನಾವು ಜೈನರು. ನಾನು, ಅಜಿತ್ ನೇಮಗಳನ್ನೆಲ್ಲ ದೊಡ್ಡವರ ಪಾಲಿಗೆ ಬಿಟ್ಟು ಹಾಯಾಗಿರುವ ಪೈಕಿ. ಅಮ್ಮ ಹಾಗಲ್ಲ. ನೆಲದೊಳಗೆ ಬೆಳೆದ ಗೆಡ್ಡೆ ಮುಟ್ಟುವುದಿಲ್ಲ, ಸೋಸಿ ಕಾಯಿಸಿದ ನೀರೇ ಆಗಬೇಕು, ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗಿಡುವುದಿಲ್ಲ. ಊಟ ಮುಗಿಸಿ ಪಂಚನಮಸ್ಕಾರ ಮಂತ್ರ ಹೇಳಿ ಕೈ ತೊಳೆದಳೆಂದರೆ ಮತ್ತೆ ಏನಾದರೂ ತಿನ್ನುವುದು ಬೆಳಗಾದ ಮೇಲೆಯೇ. ಅಜಿತ್ ಅವಳಿಗೋಸ್ಕರ ಅಡುಗೆಮನೆ ಇರುವ ಬಾಡಿಗೆ ಮನೆಗಳನ್ನೇ ಹುಡುಕಿದ. ರೈಸ್ ಕುಕ್ಕರ್ ಯಾವ ಸೂಟ್‌ಕೇಸಿಗೆ, ಪುಳಿಯೋಗರೆ ಗೊಜ್ಜು ಯಾವುದಕ್ಕೆ ಎಂಬುದೂ ತೀರ್ಮಾನವಾಯಿತು.

ಒಂದು ದಿನ ಅಮ್ಮನನ್ನೂ ಕೂರಿಸಿಕೊಂಡು ಫೋಟೋ ತೋರಿಸಿದ. ಕೆಂಪು ಬಣ್ಣದ ಮರದ ಮನೆಗಳು, ಹಿಂದೆ ಚೂಪು ಬೆಟ್ಟ, ಮುಂದೆ ಉದ್ದಕ್ಕೂ ಗಳ ಕಟ್ಟಿ ಸಾಲಾಗಿ ಏನೋ ಇಳಿಬಿಟ್ಟಿದ್ದರು. ಅಮ್ಮ ಕನ್ನಡಕ ಏರಿಸಿಕೊಂಡು ನೋಡಿದಳು. "ಎಷ್ಟು ಬಟ್ಟೆ ಒಗೆದು ಹಾಕಿದಾರೆ ನೋಡೇ. ಅಚ್ಚುಕಟ್ಟು ಜನ, ಪಾಪ."

ಅಜಿತ್ ಗಾಬರಿಯಿಂದ ಮುಂದಿನ ಫೋಟೋಗೆ ಹೋದ. ಅಲ್ಲಿಯೂ ಅದೇ, ಇನ್ನೂ ಹತ್ತಿರದಿಂದ. "ದಟ್ಸ್ ಫಿಶ್, ಅಜ್ಜಿ" ಎಂದಳು ಸನ್ಮತಿ.

ಅಮ್ಮ ಕನ್ನಡಕ ತೆಗೆದು ಮಡಿಸಿಟ್ಟಳು. "ನೀವು ಹೋಗ್ಬನ್ನಿ. ನಾನು ಮನೆ ನೋಡ್ಕೊಂಡಿರ್ತೀನಿ" ಎಂದು ಎದ್ದು ಒಳಗೆ ಹೋದಳು. ಆಮೇಲೆ ಎಷ್ಟು ಪುಸಲಾಯಿಸಿದರೂ ಜಪ್ಪಯ್ಯ ಅನ್ನಲಿಲ್ಲ.

ಅವಳ ಮನಸ್ಸು ತಿರುಗಿಸಿದ್ದು ಸನ್ಮತಿ. ನಾವು ಹೋಗುವ ಜಾಗದ ಬಗ್ಗೆ ಓದಿಕೊಂಡು ಬಂದು, ಅಜ್ಜಿಗೆ ಅರ್ಥವಾಗಲೆಂದು ಕಷ್ಟಪಟ್ಟು ಕನ್ನಡದಲ್ಲಿ ಹೇಳಿದಳು. "ಅಜ್ಜಿ, ಅಲ್ಲಿ ಜೂನ್‌ನಲ್ಲಿ ಸನ್ ಹೋಗೋದೇ ಇಲ್ಲ. ರಾತ್ರಿನೂ ಇರುತ್ತೆ."

ಸೊಪ್ಪು ಬಿಡಿಸುತ್ತಿದ್ದ ಅಮ್ಮನ ಕೈ ನಿಂತಿತು. "ಮುಳುಗೋದೇ ಇಲ್ವಾ?" ಎಂದು ನನ್ನ ಮುಖ ನೋಡಿದಳು. ಹೌದೆಂದೆ. ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದಳು. ಆಮೇಲೆ ಕೇಳಿದಳು, "ಅಲ್ಲಿ ನೀವು ರಾತ್ರಿ ಊಟಕ್ಕೆ ಎಷ್ಟು ಹೊತ್ತಿಗೆ ಕೂರ್ತೀರಿ?"

"ಎಂಟೋ ಒಂಬತ್ತೋ. ಯಾಕಮ್ಮ?"

"ಹಾಗಾದ್ರೆ ನಾನೂ ನಿಮ್ಮ ಜೊತೆಗೇ ಕೂತ್ಕೋಬಹುದಲ್ವಾ? ನಾನೂ ಬರ್ತೀನಿ ಕಣೆ."

ಅಪ್ಪ ಔಷಧಿ ಅಂಗಡಿ ಮುಚ್ಚಿಕೊಂಡು ಬರುವಾಗ ರಾತ್ರಿ ಒಂಬತ್ತಾಗುತ್ತಿತ್ತು. ನಾವು ಮಕ್ಕಳು ಅಪ್ಪನಿಗೆ ಕಾದು ಒಟ್ಟಿಗೆ ಕೂರುತ್ತಿದ್ದೆವು. ಆ ಹೊತ್ತಿಗೆ ಅಮ್ಮನ ಊಟ ಅಡುಗೆಮನೆಯ ಕಿಟಕಿ ಪಕ್ಕ ಆಗಿಹೋಗಿರುತ್ತಿತ್ತು. ಮಧ್ಯಾಹ್ನವೂ ಎಲ್ಲರಿಗೂ ಬಡಿಸಿ ಕೊನೆಗೆ ಅವಳದು. ನಗುನಗುತ್ತಾ ಬಡಿಸುವ ಅಮ್ಮನನ್ನು ನೋಡಿ ನೋಡಿ, ಅವಳಿಗೂ ನಮ್ಮ ಜೊತೆ ಕೂರುವ ಆಸೆ ಇದ್ದೀತು ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆದರೂ ಅವಳಿಗೆ ಅನುಮಾನ. ಮುಳುಗದ ಸೂರ್ಯನ ಕೆಳಗೆ ಒಂಬತ್ತಕ್ಕೆ ಉಂಡರೆ ಅದು ಹಗಲೂಟವೋ ರಾತ್ರಿಯೂಟವೋ? ಹಾಸನದಲ್ಲಿರುವ ಅಣ್ಣನಿಗೆ, ಎಂದರೆ ನನ್ನ ಸೋದರಮಾವನಿಗೆ, ಫೋನು ಮಾಡಿದಳು. ಶಾಸ್ತ್ರದ ವಿಷಯದಲ್ಲಿ ಅವರ ಮಾತೇ ಅವಳಿಗೆ ಕೊನೆ. ಮಾವ ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು. "ಮುಳುಗಲಿಲ್ಲ ಅಂದ್ರೆ ಹಗಲೇ ತಾನೇ? ಉಣ್ಣು, ದೋಷ ಇಲ್ಲ. ಆದ್ರೆ ಹಗಲಿದೆ ಅಂತ ರಾತ್ರಿಯೆಲ್ಲ ತಿಂತಾ ಕೂತ್ಕೋಬೇಡ ಮಾರಾಯ್ತಿ."

ಅಮ್ಮ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಚಟ್ನಿಪುಡಿ ಮಾಡಿದಳು, ಅವಲಕ್ಕಿ ಹುರಿದಿಟ್ಟಳು. ಒಣಗಿದ ಮೀನಿನ ಊರು ಬಂದಾಗ ಕಣ್ಣು ಮುಚ್ಚಿಕೊಂಡರಾಯಿತು ಎಂದಳು.

ಇಷ್ಟೆಲ್ಲ ಆಗಿ ನಾವು ಎಡವಿದ್ದು ಎಲ್ಲಿ ಗೊತ್ತೇ? ನಾನು, ಅಜಿತ್, ಸನ್ಮತಿ ಅಮೆರಿಕದ ಪಾಸ್‌ಪೋರ್ಟಿನವರು. ನಾರ್ವೆಗೆ ನಮಗೆ ವೀಸಾ ಬೇಡ. ಯೂರೋಪಿಗೆ ಸಲೀಸಾಗಿ ಹೋಗಿಬಂದು ಅಭ್ಯಾಸವಾದ ನಮಗೆ, ಅಮ್ಮನದು ಭಾರತದ ಪಾಸ್‌ಪೋರ್ಟು ಅನ್ನುವುದೇ ಮರೆತುಹೋಗಿತ್ತು. ಮೇ ತಿಂಗಳ ಕೊನೆಗೆ ನೆನಪಾಗಿ ವಿಚಾರಿಸಿದರೆ, ನೆಂಟರಾಗಿ ಬಂದವರು ಇಲ್ಲಿಂದ ಅರ್ಜಿ ಹಾಕುವ ಹಾಗಿಲ್ಲ, ತಮ್ಮ ದೇಶದಿಂದಲೇ ಹಾಕಬೇಕು ಎಂದರು. ಅಜಿತ್ ಎರಡು ದಿನ ಫೋನು ಹಿಡಿದು ಗೋಗರೆದ. ಏನೂ ಪ್ರಯೋಜನವಾಗಲಿಲ್ಲ.

ಅಮ್ಮನಿಗೆ ವಿಷಯ ಹೇಳಿ, ತಪ್ಪು ನಮ್ಮದೇ ಎಂದೆ. ಅವಳೇ ನನಗೆ ಸಮಾಧಾನ ಹೇಳಿದಳು. "ಹೋಗ್ಲಿ ಬಿಡೇ. ಮೀನಿನ ವಾಸನೆ ತಪ್ತು. ನೀವು ಮೂರು ಜನ ಹೋಗ್ಬನ್ನಿ." ಅವಳನ್ನು ಬಿಟ್ಟು ಹೋಗುವುದಿಲ್ಲ ಎಂದ ಅಜಿತ್, ಅಂದೇ ಎಲ್ಲ ಬುಕಿಂಗ್ ರದ್ದು ಮಾಡಿದ.

ಅದಾದ ಸೋಮವಾರ ರಜೆ. ಎಲ್ಲರೂ ಮನೆಯಲ್ಲೇ. ಅಮ್ಮ ಎಂದಿನಂತೆ ಆರಕ್ಕೆ ಮೊದಲೇ ಊಟ ಮುಗಿಸಿದಳು. ನಾವು ಎಂಟಕ್ಕೆ ಕೂತೆವು, ಅವಳು ಬಿಸಿ ಚಪಾತಿ ತಂದು ಹಾಕುತ್ತಿದ್ದಳು. ಕಿಟಕಿಯಿಂದ ಬಿಸಿಲು ನೇರ ಅಜಿತ್‌ನ ಕಣ್ಣಿಗೆ ಹೊಡೆಯುತ್ತಿತ್ತು. ಅವನು ಎದ್ದು ಪರದೆ ಎಳೆಯಲು ಹೋದ.

"ವೇಟ್, ಅಪ್ಪ" ಎಂದಳು ಸನ್ಮತಿ. "ಸನ್ ಇಲ್ಲೇ ಇದೆ. ದೆನ್ ವೈ ಡಿಡ್ ಅಜ್ಜಿ ಈಟ್ ಆಲ್ರೆಡಿ?"

ಅಜಿತ್ ಪರದೆ ಹಿಡಿದುಕೊಂಡೇ ನಿಂತ. ನಾನು ಅಮ್ಮನ ಮುಖ ನೋಡಿದೆ, ಅಮ್ಮ ಕಿಟಕಿ ನೋಡಿದಳು. ಇಲ್ಲಿ ಬೇಸಿಗೆಯಲ್ಲಿ ಹೊತ್ತು ಮುಳುಗುವಾಗ ಒಂಬತ್ತಾಗುತ್ತದೆ ಎಂದು ನಮ್ಮಲ್ಲಿ ಯಾರಿಗೆ ಗೊತ್ತಿರಲಿಲ್ಲ? ಆದರೆ ಹಾಸನದಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಆರು, ಆರೂವರೆಯ ಆಸುಪಾಸಿನಲ್ಲಿ. ಜೀವಮಾನವೆಲ್ಲ ಹಾಗೆ ಬದುಕಿದವಳಿಗೆ ಹೊತ್ತು ಮುಳುಗುವುದೂ ಗಡಿಯಾರದ ಆರು ಗಂಟೆಯೂ ಒಂದೇ ಆಗಿಬಿಟ್ಟಿತ್ತು. ನಮಗೂ ಅಷ್ಟೆ, ಅಮ್ಮನ ಊಟ ಎಂದರೆ ಆರು ಗಂಟೆ.

"ಬಂದ ಹೊಸದ್ರಲ್ಲಿ ಒಂದಿನ ತಟ್ಟೆ ಮುಂದೆ ಕೂತಿದ್ದೆ, ಮೋಡ ಕವಿದು ಕತ್ತಲಾಗೋಯ್ತು" ಎಂದಳು ಅಮ್ಮ ಮೆಲ್ಲಗೆ. "ಅರ್ಧಕ್ಕೇ ಎದ್ದೆ. ಇಲ್ಲಿ ಸೂರ್ಯನ್ನ ನಂಬೋದು ಬೇಡ, ಗಡಿಯಾರ ನೋಡ್ಕೊಂಡು ಉಂಡ್ರಾಯ್ತು ಅಂದ್ಕೊಂಡೆ. ಈಚೆಗೆ ಬೆಳಕಿರೋದು ನೋಡ್ತಾನೇ ಇದ್ದೆ. ಆದ್ರೆ ಆಗಲೇ ಕೈ ತೊಳೆದಾಗಿರ್ತಿತ್ತಲ್ಲ."

ಅಂದೂ ಕೈ ತೊಳೆದಾಗಿತ್ತು. ಒಟ್ಟಿಗೆ ಉಣ್ಣುವುದೇನಿದ್ದರೂ ಮರುದಿನವೇ.

ಮರುದಿನ ಮಧ್ಯಾಹ್ನದಿಂದ ಮೋಡ ಕಟ್ಟಿತು. ಎಂದೂ ಆಫೀಸಿಗೆ ಫೋನು ಮಾಡದ ಅಮ್ಮ, ಐದು ಗಂಟೆಗೇ ಮಾಡಿದಳು. "ಬೇಗ ಬಾರೇ, ಮೋಡ ಆಗ್ತಿದೆ." ನನ್ನ ಆಫೀಸು ಕರ್ಕ್‌ಲ್ಯಾಂಡ್‌ನಲ್ಲಿ. ಕೈಬಿಡಲಾಗದ ಕೆಲಸ ಮುಗಿಸಿ ಹೊರಟು, ಅಂದಿನ ಟ್ರಾಫಿಕ್ಕಿನಲ್ಲಿ ಮುಂದಿನ ಕಾರಿನವರನ್ನೆಲ್ಲ ಮನಸ್ಸಿನಲ್ಲೇ ಬೈಯುತ್ತಾ ಮನೆ ತಲುಪುವಾಗ ಏಳು ದಾಟಿತ್ತು. ಮೇಜಿನ ಮೇಲೆ ನಾಲ್ಕು ತಟ್ಟೆ ಇಟ್ಟಿತ್ತು. ಅಜಿತ್ ಆಗಲೇ ಬಂದು ಫೋನು ತೋರಿಸುತ್ತಿದ್ದ. "ನೋಡಿ ಅತ್ತೆ, ಮುಳುಗೋದು ಒಂಬತ್ತರ ಹತ್ತಿರ."

"ಮೋಡದ ಹಿಂದೆ ಏನಾಗ್ತಿದೆ ಅಂತ ಫೋನಿಗೇನು ಗೊತ್ತು?" ಎಂದ ಅಮ್ಮ ಹಿತ್ತಿಲ ಬಾಗಿಲು ತೆಗೆದು ಹೊರಗೆ ಹೋದಳು. ಬಯಲಿನ ಬೆಳಕಿನಲ್ಲಿ ಅಂಗೈ ಗೆರೆ ಸ್ಪಷ್ಟವಾಗಿ ಕಾಣುವ ತನಕ ಹಗಲು ಎಂದು ಅವಳಿಗೆ ಅವಳಮ್ಮ ಹೇಳಿಕೊಟ್ಟಿದ್ದಂತೆ. ಅಂಗೈ ಹಿಡಿದು ನೋಡಿದಳು. ಸನ್ಮತಿಯೂ ತನ್ನದನ್ನು ಪಕ್ಕದಲ್ಲಿ ಹಿಡಿದಳು. "ಕಾಣ್ತಿದೆ ಕಣೇ" ಎಂದು ನನ್ನ ಕಡೆ ತಿರುಗಿದ ಅಮ್ಮನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಕೂತವಳು ಬಡಿಸಲು ಮತ್ತೆ ಎದ್ದಳು. "ನೀವು ಕೂತ್ಕೊಳ್ಳಿ ಅತ್ತೆ, ನಾನಿದೀನಿ" ಎಂದು ಅಜಿತ್ ಸೌಟು ಕಿತ್ತುಕೊಂಡ. ಅಮ್ಮ ಮೊದಲು ಸಂಕೋಚದಿಂದ ಬಗ್ಗಿ ಉಂಡಳು, ಆಮೇಲೆ ಮಾತಿಗೆ ಶುರುವಾದಳು. ತೊವ್ವೆಗೆ ತುಪ್ಪ ಹಾಕಿ ನುಣ್ಣಗೆ ಕಲಸಿ, ಒಂದೊಂದು ತುತ್ತಿಗೂ ಒಂದೊಂದು ಕತೆ ಹೇಳುತ್ತಾ, ಸನ್ಮತಿಯ ತಟ್ಟೆಯಿಂದ ಹಪ್ಪಳ ಮುರಿದುಕೊಳ್ಳುತ್ತಾ, ಎಲ್ಲರಿಗಿಂತ ಕೊನೆಗೆ ಮುಗಿಸಿದಳು. ಅಮ್ಮ ಗಬಗಬ ಉಣ್ಣುವವಳು ಎಂದೇ ತಿಳಿದಿದ್ದೆ. ಅವಳು ಇಷ್ಟು ನಿಧಾನ ಎಂದು ನಲವತ್ತು ದಾಟಿದ ಮೇಲೆ ಅಂದು ನನಗೆ ಗೊತ್ತಾಯಿತು. ನೀರು ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಆ ಬೇಸಿಗೆಯೆಲ್ಲ ನಾವು ಒಟ್ಟಿಗೇ ಉಂಡೆವು. ಆಗಸ್ಟ್ ಬಂದು ಹಗಲು ಕಿರಿದಾಗುತ್ತಾ ಬಂದಂತೆ ನಾನು, ಅಜಿತ್ ಆಫೀಸಿನಿಂದ ಇನ್ನೂ ಬೇಗ ಹೊರಡತೊಡಗಿದೆವು. ಸೆಪ್ಟೆಂಬರ್‌ನಲ್ಲಿ ಅಮ್ಮ ಊರಿಗೆ ಹೋದಳು. ನಾರ್ವೆಗೆ ನಾವು ಇನ್ನೂ ಹೋಗಿಲ್ಲ.

ಊರಲ್ಲಿ ತಮ್ಮ, ತಮ್ಮನ ಹೆಂಡತಿ ಇಬ್ಬರೂ ಕೆಲಸದಿಂದ ಬರುವುದು ಕತ್ತಲಾದ ಮೇಲೆ. ಅಮ್ಮ ಊಟಕ್ಕೆ ಕೂರುವಾಗ ಇಲ್ಲಿ ಇನ್ನೂ ಬೆಳಗಿನ ಜಾವ. ನಾನು ಅಲಾರಂ ಇಟ್ಟುಕೊಂಡು ಎದ್ದು, ಕಾಫಿ ಮಾಡಿಕೊಂಡು ಅವಳಿಗೆ ವಿಡಿಯೋ ಕಾಲ್ ಮಾಡುತ್ತೇನೆ. ಅವಳು ಫೋನನ್ನು ನೀರಿನ ಚೊಂಬಿಗೆ ಒರಗಿಸಿಟ್ಟು ಉಣ್ಣುತ್ತಾಳೆ. "ನಿದ್ದೆ ಕೆಡಿಸ್ಕೊಂಡು ಯಾಕೆ ಏಳ್ತೀಯೇ?" ಎಂದು ದಿನವೂ ಬೈಯುತ್ತಾಳೆ. ಆದರೆ ನಾನು ಕಾಲ್ ಮಾಡುವ ತನಕ ತಟ್ಟೆಗೆ ಕೈ ಹಾಕುವುದಿಲ್ಲವಂತೆ, ರಜೆಯ ದಿನ ಮನೆಯಲ್ಲಿದ್ದು ನೋಡಿದ ತಮ್ಮನ ಹೆಂಡತಿ ಹೇಳಿದಳು.