ನೂರು ಅಡಿ ಕೆಳಗೆ ಹಿಡಿ ಕೆಸರು

ನಮ್ಮಣ್ಣನಿಗೆ ನೀರೆಂದರೆ ಬಾವಿ. ಹೋಳೂರಿನ ಹತ್ತಿರ ನಮ್ಮ ಹೊಲದ ಬಾವಿಯಲ್ಲಿ ಅವನು ಈಜು ಕಲಿತದ್ದು. ಬೆನ್ನಿಗೆ ಬೆಂಡು ಕಟ್ಟಿಕೊಂಡು ನಾನೂ ಅಲ್ಲೇ ಕಲಿತೆ. ಆ ಬಾವಿಗೆ ಒಂದು ಕಟ್ಟುಪಾಡಿತ್ತು. ತಳ ಮುಟ್ಟಿ ಬಂದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಮುಷ್ಟಿಯಲ್ಲಿ ಕೆಸರು ಹಿಡಿದು, ಕೈ ಮೇಲೆತ್ತಿಕೊಂಡೇ ಬರಬೇಕು. ಬರಿಗೈಯಲ್ಲಿ ಬಂದವನನ್ನು ಸಂಜೆಯವರೆಗೂ ಗೋಳು ಹುಯ್ದುಕೊಳ್ಳುತ್ತಿದ್ದೆವು. ಅಣ್ಣ ಒಂದು ಸಲವೂ ಬರಿಗೈಯಲ್ಲಿ ಬಂದವನಲ್ಲ. ಅದರ ಜಂಬ ಅವನಿಗೆ ಇಂದಿಗೂ ಇಳಿದಿಲ್ಲ.

ಈಗ ಅವನು ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ನಡೆಸುತ್ತಾನೆ. ನಾನು ಕೋಲಾರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ರಜೆಯಲ್ಲಿ ಅಂಡಮಾನಿಗೆ ಹೋಗಿ ಸ್ಕೂಬಾ ಡೈವಿಂಗ್ ಕಲಿತವಳು ಮೊದಲು ನಾನೇ. ಸೀಸನ್ ಬಂತೆಂದರೆ ಫೋನು, ಲಾರಿ, ಜಗಳ ಎಂದು ಒದ್ದಾಡುವ ಅಣ್ಣನ ಮುಖ ನೋಡಲಾಗದೆ ಅವನನ್ನೂ ಕರೆದುಕೊಂಡು ಹೋದೆ. ಕಲಿಯುವುದರಲ್ಲಿ ನನಗಿಂತ ಚುರುಕು. ಮರುವರ್ಷವೇ ಇಬ್ಬರೂ ನೂರು ಅಡಿ ಆಳಕ್ಕೆ ಇಳಿದೆವು.

ಇಳಿಯುವ ಮೊದಲೇ ತರಬೇತುದಾರ ಎಚ್ಚರಿಸಿದ್ದ. ಅಷ್ಟು ಆಳದಲ್ಲಿ ಸಿಲಿಂಡರಿನ ಗಾಳಿಯಲ್ಲಿರುವ ಸಾರಜನಕವೇ ಹೆಂಡದ ಹಾಗೆ ತಲೆಗೇರಬಹುದು, ಏರಿದವನಿಗೆ ಏರಿದ್ದು ಗೊತ್ತಾಗುವುದಿಲ್ಲ, ಸ್ವಲ್ಪ ಮೇಲೆ ಬಂದರೆ ತಾನಾಗಿ ಇಳಿಯುತ್ತದೆ ಎಂದಿದ್ದ. ಅಣ್ಣ ನಕ್ಕುಬಿಟ್ಟ. "ಕುಡುದ್ರೇ ನಂಗೇನಾಗಲ್ಲ, ಗಾಳಿಗೇನಾಗ್ತದೆ?"

ನಾವು ನಿಲ್ಲಬೇಕಿದ್ದದ್ದು ಒಂದು ಬಂಡೆಯ ಮೇಲ್ಭಾಗದಲ್ಲಿ. ಅಲ್ಲಿಂದಾಚೆ ಸಮುದ್ರದ ತಳ ಇಳಿಜಾರಾಗಿ ಕತ್ತಲೆಯೊಳಕ್ಕೆ ಹೋಗುತ್ತಿತ್ತು. ಚೆನ್ನಾಗಿದ್ದೀಯಾ ಎಂದು ಕೈಯಲ್ಲೇ ಕೇಳಿದೆ. ಚೆನ್ನಾಗಿದ್ದೇನೆ ಎಂದು ಸನ್ನೆ ಮಾಡಿದ. ಆಮೇಲೆ ಮುಷ್ಟಿ ಕಟ್ಟಿ ತಲೆಯ ಮೇಲೆತ್ತಿ ತೋರಿಸಿ, ತಲೆಕೆಳಗಾಗಿ ಆ ಇಳಿಜಾರಿನ ಕಡೆ ಹೊರಟೇಬಿಟ್ಟ. ತರಬೇತುದಾರನಿಗೆ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು. ಅಣ್ಣ ಕೆಸರು ತರಲು ಹೊರಟಿದ್ದ.

ಹಿಂದೆಯೇ ಹೋಗಿ ಕಾಲು ಹಿಡಿದೆ. ಒದ್ದು ಬಿಡಿಸಿಕೊಂಡ. ಸಿಲಿಂಡರಿನ ಪಟ್ಟಿಗೆ ಕೈ ಹಾಕಿ ಜಗ್ಗಿದೆ. ಅಷ್ಟರಲ್ಲಿ ತರಬೇತುದಾರ ಬಂದು ಇನ್ನೊಂದು ಕಡೆ ಹಿಡಿದ. ಮುಖದ ಗಾಜಿನೊಳಗೆ ಅಣ್ಣನ ಕಣ್ಣು ಕಂಡವು. ನಗುತ್ತಿದ್ದ. ಅಷ್ಟು ನೆಮ್ಮದಿಯ ಮುಖವನ್ನು ಅವನ ಮದುವೆಯಲ್ಲೂ ನಾನು ನೋಡಿರಲಿಲ್ಲ.

ಇಬ್ಬರೂ ಸೇರಿ ಅವನನ್ನು ಮೇಲಕ್ಕೆ ತಂದೆವು. ದೋಣಿ ಹತ್ತಿದ್ದೇ, "ನಿಂಗೇನ್ ತಲೆ ಕೆಟ್ಟಿತ್ತಾ? ಮನೇಲಿ ಹೆಂಡ್ತಿ, ಮಗಳು ಇಲ್ವಾ?" ಎಂದು ಎಲ್ಲರೆದುರೇ ಬೈದೆ.

"ಇನ್ನೊಂದೇ ಮಾರು ಕಣೇ, ಸಿಕ್ಬಿಡ್ತಿತ್ತು" ಎಂದ. ಅಮಲು ಆಗಲೇ ಇಳಿದಿತ್ತು. ಇದು ನೆಟ್ಟಗಿದ್ದ ಅಣ್ಣನೇ ಆಡಿದ ಮಾತು. ಅವನು ಒಂದಿಷ್ಟು ಹೆದರಿದ್ದರೆ ನಾನು ನಿಶ್ಚಿಂತೆಯಾಗಿರುತ್ತಿದ್ದೆ.

ಊರಿಗೆ ಬಂದು, ಅತ್ತಿಗೆ ಮುದ್ದೆ ಬಡಿಸುತ್ತಿರುವಾಗ, ಮಗಳೆದುರಿಗೇ ಕಥೆ ಹೇಳಿದ. "ಅಲ್ಲಿ ತಲೇಲಿ ಏನೂ ಇರ್ಲಿಲ್ಲ. ಮಂಡಿ ಇರ್ಲಿಲ್ಲ, ನೀವೂ ಇರ್ಲಿಲ್ಲ. ಎಷ್ಟು ಹಾಯಾಗಿತ್ತು ಗೊತ್ತಾ!" ಮಗಳು ನಕ್ಕಳು. ಅತ್ತಿಗೆ ನಗಲಿಲ್ಲ. ನಾನು ಅಡುಗೆಮನೆಗೆ ಹೋದಾಗ, "ಕರ್ಕೊಂಡು ಹೋಗಿದ್ದು ನೀನು. ನಿಲ್ಸೋದೂ ನೀನೇ" ಎಂದರು.

ನಿಲ್ಲಿಸಲು ನೋಡಿದೆ. ಗೋಗರೆದೆ, ಜಗಳವಾಡಿದೆ, ವಾರಗಟ್ಟಲೆ ಮಾತು ಬಿಟ್ಟೆ. ಮಾವು ಮುಗಿದು ಮಳೆಗಾಲ ಕಳೆಯುತ್ತಿದ್ದಂತೆ ಅವನೇ ಫೋನ್ ಮಾಡಿದ. "ಟಿಕೆಟ್ ಮಾಡಿಸ್ತಾ ಇದೀನಿ. ಬಂದ್ರೆ ಬಾ, ಇಲ್ದಿದ್ರೆ ನಾನೊಬ್ನೇ ಹೋಗ್ತೀನಿ."

ಬರುವುದಿಲ್ಲ ಎಂದು ಬಾಯಿಗೆ ಬಂದಿತ್ತು. ನಾನಿಲ್ಲದೆ ಅವನು ಕೆಳಗಿಳಿದರೆ, ಆ ಮುಷ್ಟಿಯ ಅರ್ಥ ತಿಳಿದವರು ಅಲ್ಲಿ ಯಾರೂ ಇರುವುದಿಲ್ಲ.

"ನಂಗೂ ಒಂದು ಮಾಡ್ಸು" ಎಂದೆ.

ಅಂದಿನಿಂದ ಅತ್ತಿಗೆ ನನ್ನ ಫೋನ್ ಎತ್ತುತ್ತಿಲ್ಲ.